ಮಗಳಿಗೊಂದು ಪತ್ರ: ಫೋನಿನಲ್ಲಿ ರದ್ದಾದ ಕೆಲಸ

ಪ್ರೀತಿಯ ಮಗಳೇ,

ನಿನಗೆ ವಿನ್ಯಾಸದ ಕೆಲಸ ವಹಿಸಿದ್ದ ಆ ಕಂಪನಿಯವರು ಅದನ್ನು ಫೋನಿನಲ್ಲೇ ಅರ್ಧಕ್ಕೆ ರದ್ದು ಮಾಡಿದ್ದಕ್ಕಿಂತ, "ನನ್ನ ವಿನ್ಯಾಸದಲ್ಲೇ ಕೊರತೆ ಇತ್ತೇನೋ" ಎಂದು ನೀನು ಆಡಿದ ಮಾತು ನನ್ನನ್ನು ಹೆಚ್ಚು ಕೆರಳಿಸಿತು. ಅವರು ಹೇಳಿದ ಕಾರಣ ಬಜೆಟ್ ಕಡಿತ. ಅವರೇ ಎತ್ತದ ತಪ್ಪನ್ನು ನೀನೇಕೆ ಹುಡುಕಿಕೊಡುತ್ತೀಯೆ?

ಶಿರಸಿಯಲ್ಲಿ ಇಷ್ಟು ವರ್ಷ ದಸ್ತಾವೇಜು ಬರೆದವನು ಹೇಳುತ್ತಿದ್ದೇನೆ, ಮೊದಲು ರದ್ದತಿಯನ್ನು ಬರಹಕ್ಕೆ ಇಳಿಸು. ಅವರು ಬರೆಯದಿದ್ದರೆ ನೀನೇ ಇಮೇಲ್ ಕಳಿಸು: ಇಂಥ ದಿನ ಫೋನಿನಲ್ಲಿ ಕೆಲಸ ನಿಲ್ಲಿಸಲು ತಿಳಿಸಿದಿರಿ, ಅಲ್ಲಿಯವರೆಗೆ ಮುಗಿದದ್ದು ಇಷ್ಟು, ಬಿಲ್ ಲಗತ್ತಿಸಿದೆ. ಅದರಲ್ಲಿ ಮುನಿಸೂ ಬೇಡ, ಅಂಗಲಾಚುವುದೂ ಬೇಡ. ಹಣ ಬರುವವರೆಗೆ ಮೂಲ ಕಡತಗಳು ನಿನ್ನಲ್ಲೇ ಇರಲಿ.

ಒಪ್ಪಂದದಲ್ಲಿ ರದ್ದತಿಯ ಮಾತೇ ಇಲ್ಲವೆಂದು ಕೈಚೆಲ್ಲಬೇಡ. 1872ರ ಕರಾರು ಕಾಯ್ದೆಯಲ್ಲಿ ಕರಾರು ಮುರಿದವರಿಂದ ನಷ್ಟ ಕೇಳಲು 73ನೇ ಕಲಂ ಇದೆ. ಕರಾರೇ ಸರಿಯಾಗಿ ಆಗಿರದಿದ್ದರೂ, ಪುಕ್ಕಟೆಯಲ್ಲದ ಕೆಲಸದ ಲಾಭ ಪಡೆದವರು ಪ್ರತಿಫಲ ಕೊಡಬೇಕೆನ್ನುವ 70ನೇ ಕಲಂ ಇದೆ. ಹಾಗೆಂದು ಮೂವತ್ತು ಸಾವಿರದ ಬಾಕಿಗೆ ಕೋರ್ಟು ಹತ್ತು ಎನ್ನುತ್ತಿಲ್ಲ. ವಕೀಲರ ಫೀಸೇ ಅದನ್ನು ನುಂಗೀತು. (ಇದನ್ನು ನನ್ನ ವಕೀಲ ಮಿತ್ರರಿಗೆ ತೋರಿಸಬೇಡ.) ಕಲಂ ಗೊತ್ತಿದ್ದವರ ಇಮೇಲಿಗೆ ಉತ್ತರ ಬೇಗ ಬರುತ್ತದೆ, ಅಷ್ಟೇ.

ಮುಂದಿನ ಕರಾರಿನ ಬಗ್ಗೆ ನನಗೆ ಹೆಚ್ಚು ಹೇಳುವುದಿದೆ. ಇಲ್ಲಿ ಅಡಿಕೆ ತೋಟದ ಫಸಲು ಗುತ್ತಿಗೆ ಬರೆಸಲು ಬರುವವರಲ್ಲಿ ಬುದ್ಧಿವಂತರು ದರ ಕುದುರಿದ ಮೇಲೂ ಎದ್ದು ಹೋಗುವುದಿಲ್ಲ. ಮಳೆಗಾಲದಲ್ಲಿ ಕೊಳೆ ರೋಗ ಬಂದು ಕಾಯಿ ಉದುರಿದರೆ ನಷ್ಟ ಯಾರದು, ಗುತ್ತಿಗೆದಾರ ನಡುವೆ ಬಿಟ್ಟು ಹೋದರೆ ಮುಂಗಡ ಯಾರ ಪಾಲು ಎಂಬುದನ್ನು ಬರೆಸಿಯೇ ಸಹಿ ಹಾಕುತ್ತಾರೆ. ದಪ್ಪ ಮುಂಗಡ ಕೊಟ್ಟವನು ಸುಲಭದಲ್ಲಿ ತೋಟ ಬಿಡುವುದೂ ಇಲ್ಲ. ನೀನೂ ಮೂರನೆಯ ಒಂದು ಪಾಲು ಮುಂಗಡ ಕೇಳು, ಉಳಿದದ್ದನ್ನು ಹಂತಹಂತಕ್ಕೆ ಬಿಲ್ ಮಾಡು, ನಿಲ್ಲಿಸುವುದಾದರೆ ಹದಿನೈದು ದಿನ ಮುಂಚೆ ಲಿಖಿತ ಸೂಚನೆ ಬೇಕೆಂದು ಬರೆ. "ರದ್ದು ಮಾಡಿದರೆ ಪೂರ್ತಿ ಹಣ" ಎಂಬ ಆಸೆಯ ಸಾಲು ಮಾತ್ರ ಬೇಡ. ಅದೇ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕೋರ್ಟು ಸಮಂಜಸವಾದಷ್ಟನ್ನೇ ಕೊಡಿಸುತ್ತದೆ. ವಿನ್ಯಾಸದ ಹಕ್ಕು ಪೂರ್ತಿ ಪಾವತಿಯ ನಂತರವೇ ಅವರಿಗೆ ವರ್ಗವಾಗುತ್ತದೆ ಎಂಬ ಸಾಲನ್ನು ಮರೆಯಬೇಡ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಆ ವರ್ಗಾವಣೆ ಲಿಖಿತವಾಗಿಯೇ ಆಗಬೇಕು.

ಸಣ್ಣ ಉದ್ದಿಮೆಗಳಿಗೆಂದು ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿಯನ್ನು ಈ ವಾರವೇ ಮಾಡಿಸು, ಶುಲ್ಕವಿಲ್ಲ. ನೋಂದಾಯಿತ ಸಣ್ಣ ಉದ್ದಿಮೆಗೆ ಹಣ ಕೊಡುವ ಗಡುವು 45 ದಿನ ಮೀರುವಂತಿಲ್ಲ ಎಂದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ಈಗಿನ ಬಾಕಿಗೆ ಇದು ಒದಗದಿರಬಹುದು, ಮುಂದಿನ ಕೆಲಸಗಳಿಗೆ ಬೇಕು.

ಇಮೇಲಿನ ಕರಡನ್ನು ನನಗೊಮ್ಮೆ ತೋರಿಸು. ಬಜೆಟ್ ಮತ್ತೆ ಬಂದರೆ ಕೆಲಸ ಮುಂದುವರಿಸಲು ಸಿದ್ಧಳಿದ್ದೇನೆ, ಆದರೆ ಹೊಸ ಕರಾರಿನ ಮೇಲೆ, ಎಂಬ ಸಾಲು ಅದರ ಕೊನೆಯಲ್ಲಿ ಇರಲಿ.

ನಿನ್ನ
ಅಪ್ಪ