ಸಮ-ಬೆಸ ನಿಯಮ ಕಲಬುರಗಿಗೆ ಬೇಡ

ಮಾನ್ಯರೇ,

ಕಲಬುರಗಿಯ ಸೂಪರ್ ಮಾರ್ಕೆಟ್, ಜಗತ್ ವೃತ್ತದ ಸುತ್ತ ವಾಹನ ದಟ್ಟಣೆ ಜಾಸ್ತಿಯಾಗಿದೆ ನಿಜ, ಆದರೆ ಅದಕ್ಕೆ ದೆಹಲಿಯಂತೆ ನಂಬರ್ ಪ್ಲೇಟಿನ ಕೊನೆಯ ಅಂಕಿ ಸಮವೋ ಬೆಸವೋ ನೋಡಿ ದಿನ ಬಿಟ್ಟು ದಿನ ಮಾತ್ರ ಗಾಡಿ ರಸ್ತೆಗಿಳಿಸಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದೆಹಲಿಯಲ್ಲಿ 2016 ಮತ್ತು 2019ರಲ್ಲಿ ಸಮ-ಬೆಸ ನಿಯಮವನ್ನು ಕೆಲವೇ ದಿನ ಜಾರಿ ಮಾಡಿದ್ದು ಹೊಗೆ ತಗ್ಗಿಸಲು. ಆಗ ಬೈಕ್‌ಗಳಿಗೆ ವಿನಾಯಿತಿ ಇತ್ತು. ನಮ್ಮ ರಸ್ತೆಗಳಲ್ಲಿ ಕಣ್ಣಿಗೆ ಬೀಳುವುದೇ ಬೈಕು, ಆಟೊ. ಅವನ್ನು ಬಿಟ್ಟರೆ ನಿಯಮ ಸುಮ್ನೆ ಹೆಸರಿಗೆ, ಸೇರಿಸಿದರೆ ದುಡಿದು ತಿನ್ನುವವರ ಹೊಟ್ಟೆಗೆ ಪೆಟ್ಟು.

ಇನ್ನೊಂದು ಮಾತು. ಮೆಕ್ಸಿಕೊ ನಗರದಲ್ಲಿ 1989ರಲ್ಲಿ ಇಂಥದ್ದೇ ನಿಯಮ ಬಂದಾಗ ಅನೇಕರು ಬೇರೆ ನಂಬರಿನ ಇನ್ನೊಂದು ಹಳೇ ಕಾರು ಕೊಂಡರು. ಉಳ್ಳವರಿಗೆ ದಾರಿ ಸಿಕ್ಕೇ ಸಿಗುತ್ತದೆ, ಅಲ್ವಾ? ದೆಹಲಿಯವರಿಗೆ ಗಾಡಿ ಬಿಟ್ಟರೆ ಮೆಟ್ರೊ ಇದೆ. ನಮಗೆ ಮೇ ತಿಂಗಳ ಬಿಸಿಲಲ್ಲಿ ಬಸ್ಸಿಗೆ ಕಾಯಬೇಕು.

ಹಾಗಾಗಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಮೊದಲು ನಗರ ಬಸ್ಸು ಹೆಚ್ಚಿಸಲಿ. ಮಹಾನಗರ ಪಾಲಿಕೆ ಮಾರುಕಟ್ಟೆ ಬಳಿ ಪಾರ್ಕಿಂಗ್ ಜಾಗ ಗುರುತಿಸಿ, ರಸ್ತೆ ಮೇಲೆ ಅಡ್ಡಾದಿಡ್ಡಿ ನಿಲ್ಲಿಸುವ ವಾಹನಗಳಿಗೆ, ಕಾರಿರಲಿ ಬೈಕಿರಲಿ, ಪೊಲೀಸರ ಜೊತೆ ಸೇರಿ ದಂಡ ಹಾಕಿಸಲಿ.

– ಓರ್ವ ಓದುಗ, ಕಲಬುರಗಿ