ಭಾನುವಾರದ ಓದು-ಚರ್ಚೆ: ವಿಷಯ ಬದಲಾಗಿದೆ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6 ಗಂಟೆಗೆ ನಡೆಯುವ ಆನ್‌ಲೈನ್ ಚರ್ಚೆಯ ವಿಷಯವನ್ನು ಬದಲಿಸಿದ್ದೇವೆ. ಪತ್ರಿಕೆಯ ಒಡೆಯ ಬದಲಾದರೆ ಸಂಪಾದಕರ ಕೈ ಎಷ್ಟು ಸ್ವತಂತ್ರವಾಗಿ ಉಳಿಯುತ್ತದೆ ಎಂಬುದನ್ನು ಫೋರ್ಬ್ಸ್ ಪತ್ರಿಕೆಯ ರಷ್ಯನ್ ಆವೃತ್ತಿಯ ಮೂಲಕ ನೋಡೋಣ. ಹಿಂದಿನ ವಿಷಯಕ್ಕೆ ಸಿದ್ಧರಾಗಿದ್ದ ಇಬ್ಬರು ಸದಸ್ಯರು ದಯವಿಟ್ಟು ಬೇಸರಿಸಬೇಡಿ, ನಿಮಗೆ ಮುಂದಿನ ವಾರ ಅವಕಾಶವಿದೆ.

ಓದಿಗೆ ಸ್ವಲ್ಪ ಹಿನ್ನೆಲೆ. ಈ ಆವೃತ್ತಿ 2004ರಲ್ಲಿ ಜರ್ಮನಿಯ ಆಕ್ಸೆಲ್ ಸ್ಪ್ರಿಂಗರ್ ಸಂಸ್ಥೆಯ ಆಶ್ರಯದಲ್ಲಿ ಆರಂಭವಾಯಿತು. ರಷ್ಯಾದ ನೂರು ಅತಿ ಶ್ರೀಮಂತರ ಪಟ್ಟಿ ಪ್ರಕಟಿಸಿದ ಅದರ ಮೊದಲ ಸಂಪಾದಕ ಪಾಲ್ ಕ್ಲೆಬ್ನಿಕೋವ್ ಅವರನ್ನು ಅದೇ ವರ್ಷ ಜುಲೈ 9ರಂದು ಮಾಸ್ಕೋದಲ್ಲಿ ಗುಂಡಿಕ್ಕಿ ಕೊಂದರು. ಆ ಕೊಲೆಗೆ ಇಂದಿಗೂ ಯಾರಿಗೂ ಶಿಕ್ಷೆಯಾಗಿಲ್ಲ ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ರಷ್ಯಾದ 2014ರ ಕಾನೂನು ಮಾಧ್ಯಮಗಳಲ್ಲಿ ವಿದೇಶಿ ಪಾಲನ್ನು ಶೇ 20ಕ್ಕೆ ಮಿತಿಗೊಳಿಸಿತು. ಹಾಗಾಗಿ ಸ್ಪ್ರಿಂಗರ್ 2015ರಲ್ಲಿ ಪತ್ರಿಕೆಯನ್ನು ಅಲೆಕ್ಸಾಂಡರ್ ಫೆದೋತೊವ್ ಅವರಿಗೆ ಮಾರಿತು. ಪತ್ರಿಕೆಯಲ್ಲಿ ರಾಜಕೀಯ ಹೆಚ್ಚಾಗಿದೆ ಎಂಬುದು ಹೊಸ ಒಡೆಯರ ಅಭಿಪ್ರಾಯವಾಗಿತ್ತು. ಸ್ವಲ್ಪ ಕಾಲದಲ್ಲೇ ಸಂಪಾದಕರೂ ಬದಲಾದರು. 2018ರಲ್ಲಿ ಒಡೆತನ ಮತ್ತೆ ಕೈ ಬದಲಾಯಿಸಿತು. ನನ್ನ ಮಟ್ಟಿಗೆ ಆ ಕಾನೂನೇ ಇಲ್ಲಿ ಮುಖ್ಯ: ಯಾವ ಲೇಖನವನ್ನೂ ನಿಷೇಧಿಸದೆ ಒಡೆಯರನ್ನೇ ಬದಲಿಸಿತು.

ಸಾಧ್ಯವಾದರೆ ರಷ್ಯಾದ ವೆದೊಮೊಸ್ತಿ ದಿನಪತ್ರಿಕೆಯ 2020ರ ಪ್ರಕರಣವನ್ನೂ ಓದಿಕೊಂಡು ಬನ್ನಿ. ಅಲ್ಲಿ ಹೊಸ ಸಂಪಾದಕರನ್ನು ಪ್ರತಿಭಟಿಸಿ ಐವರು ಉಪ ಪ್ರಧಾನ ಸಂಪಾದಕರು ರಾಜೀನಾಮೆ ಕೊಟ್ಟರು.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ‘ಬರುತ್ತೇನೆ’ ಎಂದು ಬರೆಯಿರಿ. ಐದು ನಿಮಿಷ ಮಾತನಾಡಲು ಇಚ್ಛಿಸುವವರು ನನಗೆ ಪ್ರತ್ಯೇಕವಾಗಿ ತಿಳಿಸಿ. ಚರ್ಚೆಯ ಕೊಂಡಿಯನ್ನು ಶನಿವಾರ ಕಳುಹಿಸುತ್ತೇನೆ.