ರಾತ್ರಿ ಒಬ್ಬನೇ ಎಂದು ಬರೆದೆಯಲ್ಲ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ನಾಲ್ಕು ಪುಟಗಳಲ್ಲಿ ಮೂರೂವರೆ ಪುಟ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ವಿಷಯವೇ ಇದ್ದುದರಿಂದ, ಇಷ್ಟು ವರ್ಷ ಅದರ ಎಣ್ಣೆಯಲ್ಲಿಯೇ ಕೈ ಅದ್ದಿಕೊಂಡು ಬದುಕಿದ ನನಗೆ ಓದಲು ಸುಖವಾಗಿಯೇ ಇತ್ತು. ಗೇರ್ ಚುರುಕಾಗಿ ಬದಲಾಗಲೆಂದು ಶಿಫ್ಟ್ ಕಿಟ್ ಹಾಕುವುದು, ಸವೆದ ಕ್ಲಚ್ ಪ್ಲೇಟುಗಳ ಜಾಗದಲ್ಲಿ ಹೆಚ್ಚು ತಾಳಿಕೆಯವನ್ನು ಕೂರಿಸುವುದು, ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಬದಲಿಸುವುದು, ಹೊರಗೊಂದು ಆಯಿಲ್ ಕೂಲರ್ ಜೋಡಿಸುವುದು, ಇವೆಲ್ಲವನ್ನೂ ನೀನು ಓದಿ ತಿಳಿದುಕೊಂಡೇ ಬರೆದಿದ್ದೀಯ. ಆದರೆ ಮೂರನೆಯ ಪುಟದ ಕೊನೆಯಲ್ಲಿ, "ಹಗಲಿನಲ್ಲಿ ಒಬ್ಬರಲ್ಲ ಒಬ್ಬರು ಬಂದು ಪ್ರಶ್ನೆ ಕೇಳುತ್ತಾರೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬನೇ ಕಾರಿನಡಿ ಕೆಲಸ ಮಾಡಿದರೆ ಎರಡು ರಾತ್ರಿಗಳಲ್ಲಿ ಗೇರ್‌ಬಾಕ್ಸ್ ಕೆಳಗಿಳಿಯುತ್ತದೆ" ಎಂದು ಬರೆದೆಯಲ್ಲ, ಆ ಸಾಲನ್ನು ದಾಟಿ ಮುಂದೆ ಓದಲು ನನ್ನಿಂದ ಆಗಲಿಲ್ಲ. ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಉಳಿದುದನ್ನು ಮರುದಿನ ಓದಿದೆ.

ಲಿವರ್ 'ಪಿ'ಯಲ್ಲಿ, ಅಂದರೆ ಪಾರ್ಕ್‌ನಲ್ಲಿರುತ್ತದೆ, ಹ್ಯಾಂಡ್‌ಬ್ರೇಕ್ ಎಳೆದಿರುತ್ತೇನೆ, ಆದ್ದರಿಂದ ಭಯವಿಲ್ಲ ಎಂದು ಅದರ ಕೆಳಗೇ ಬರೆದಿದ್ದೀಯ. ಕಾರನ್ನು ತಡೆದು ನಿಲ್ಲಿಸುವ ಕೊಂಡಿಯು ನೀನು ಇಳಿಸಲು ಹೊರಟಿರುವ ಗೇರ್‌ಬಾಕ್ಸಿನ ಒಳಗೇ ಇದೆ ಎಂಬುದನ್ನು ಯೋಚಿಸಿದಂತೆ ಕಾಣಲಿಲ್ಲ. ಲಿವರನ್ನು 'ಪಿ'ಗೆ ತಂದಾಗ, ಗೇರ್‌ಬಾಕ್ಸಿನಿಂದ ಹೊರಹೋಗುವ ಶಾಫ್ಟಿಗೆ ಜೋಡಿಸಿದ ಹಲ್ಲುಚಕ್ರದ ಸಂದಿಗೆ ಉಕ್ಕಿನ ಸಣ್ಣ ತುಂಡೊಂದು ಬಂದು ಕೂರುತ್ತದೆ. ಆ ಶಾಫ್ಟು ತಿರುಗದೆ ನಿಂತರೆ ಅದಕ್ಕೆ ಸೇರಿದ ಪ್ರೊಪೆಲ್ಲರ್ ಶಾಫ್ಟೂ ನಿಲ್ಲುತ್ತದೆ, ಅದರಿಂದ ಹಿಂದಿನ ಚಕ್ರಗಳು ನಿಲ್ಲುತ್ತವೆ. ಆ 'ಪಿ' ಅಕ್ಷರದ ಬಲ ಇಷ್ಟೇ. ನಿನ್ನದು ಹಿಂದಿನ ಚಕ್ರಗಳಿಂದ ಓಡುವ ಕಾರಾದ್ದರಿಂದ ಗೇರ್‌ಬಾಕ್ಸ್ ಇಳಿಸುವ ಮೊದಲು ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಲೇಬೇಕು, ಮತ್ತು ಅದರ ಕೊನೆಯ ಬೋಲ್ಟು ಕೈಗೆ ಬಂದ ಕ್ಷಣದಿಂದ ಲಿವರ್ 'ಪಿ'ಯಲ್ಲಿದ್ದರೂ ಒಂದೇ, ನ್ಯೂಟ್ರಲ್‌ನಲ್ಲಿದ್ದರೂ ಒಂದೇ. ಹ್ಯಾಂಡ್‌ಬ್ರೇಕ್ ಹೆಚ್ಚಿನ ಕಾರುಗಳಲ್ಲಿ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಹಿಂಭಾಗವನ್ನು ಎತ್ತಿದರೆ ಗಾಳಿಯಲ್ಲಿರುವ ಚಕ್ರವನ್ನು ಹಿಡಿದು ಪ್ರಯೋಜನವಿಲ್ಲ. ಮುಂಭಾಗವನ್ನು ಎತ್ತಿದರೆ ಹಳೆಯ ಕೇಬಲ್ಲೊಂದರ ಬಿಗಿತವನ್ನು ನಂಬಿ ನೀನು ಅಡಿಯಲ್ಲಿ ಮಲಗಿರುತ್ತೀಯ.

ಇದನ್ನು ಪುಸ್ತಕದಲ್ಲಿ ಓದಿ ಬರೆಯುತ್ತಿಲ್ಲ. ನನ್ನ ಎಡಭುಜ ಏಕೆ ಮೇಲಕ್ಕೆ ಏಳುವುದಿಲ್ಲವೆಂದು ನೀನು ಚಿಕ್ಕವನಿದ್ದಾಗ ಕೇಳಿದ್ದೆ, ಮೆಟ್ಟಿಲಿನಿಂದ ಬಿದ್ದೆ ಎಂದು ಹೇಳಿದ್ದೆ. ಎಲ್ಲರಿಗೂ ಹಾಗೆಯೇ ಹೇಳಿದ್ದೇನೆ. ನಾನು ಮೆಟ್ಟಿಲಿನಿಂದ ಬೀಳಲಿಲ್ಲ.

ಆಗ ನಾನು ನಿನ್ನ ಈಗಿನ ವಯಸ್ಸಿಗಿಂತ ಎರಡು ಮೂರು ವರ್ಷ ದೊಡ್ಡವನಿದ್ದಿರಬಹುದು. ಗೇರ್‌ಬಾಕ್ಸೊಂದನ್ನು ಪೂರ್ತಿ ಬಿಚ್ಚಿ, ಹೊಸ ಪ್ಲೇಟುಗಳನ್ನು ಹಾಕಿ, ಮೊದಲ ಬಾರಿಗೆ ಯಾರ ನೆರವೂ ಇಲ್ಲದೆ ಮತ್ತೆ ಕೂರಿಸಿದ್ದೆ. ಟಾರ್ಕ್ ಕನ್ವರ್ಟರ್ ಪೂರ್ತಿಯಾಗಿ ಒಳಗೆ ಕೂತಿರಲಿಲ್ಲ. ಕನ್ವರ್ಟರನ್ನು ಮುಚ್ಚುವ ಮುಂಭಾಗದ ಕವಚವಾದ ಬೆಲ್ ಹೌಸಿಂಗ್‌ಗೂ ಎಂಜಿನ್ನಿಗೂ ನಡುವೆ ಬೆರಳು ತೂರುವಷ್ಟು ಸಂದು ಉಳಿದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು. ಅದರ ಬದಲು ಬೋಲ್ಟುಗಳನ್ನು ಒಂದೊಂದಾಗಿ ಬಿಗಿಯುತ್ತ ಬಲವಂತದಿಂದ ಆ ಸಂದನ್ನು ಮುಚ್ಚಿದೆ. ಎಂಜಿನ್ ಶುರು ಮಾಡಿದೊಡನೆ ಒಳಗೆ ಆಯಿಲ್ ಪಂಪು ಒಡೆದ ಸದ್ದು ಕೇಳಿಸಿತು. ಕಾರಿನ ಮಾಲೀಕರು ಮರುದಿನ ಬರುವವರಿದ್ದರು. ಅವರು ಬರುವುದರೊಳಗೆ, ಯಾರಿಗೂ ಗೊತ್ತಾಗದಂತೆ, ರಾತ್ರಿ ಗೇರ್‌ಬಾಕ್ಸನ್ನು ಇಳಿಸಿ ಇನ್ನೊಂದು ಪಂಪು ಹಾಕಿಬಿಡಬೇಕೆಂದು ನಿಶ್ಚಯಿಸಿದೆ. ನನ್ನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬ ಸಂಜೆ ಅಲ್ಲಿಯೇ ನಿಂತು, "ಅಣ್ಣಾ, ಹಿಂದಿನ ಚಕ್ರಕ್ಕೆ ಒತ್ತು ಕೊಡುವುದು ಬೇಡವೇ?" ಎಂದು ಕೇಳಿದ. ನನ್ನ ತಪ್ಪನ್ನು ಬಲ್ಲವನು ಅವನೊಬ್ಬನೇ ಎಂಬ ಸಿಟ್ಟಿಗೆ ಅವನ ಮೇಲೆ ಹರಿಹಾಯ್ದೆ. ಪ್ರಶ್ನೆ ಕೇಳುವುದನ್ನು ಬಿಟ್ಟು ಮನೆಗೆ ಹೋಗು ಎಂದು ಕಳುಹಿಸಿಬಿಟ್ಟೆ.

ಮುಂಭಾಗ ಸ್ಟ್ಯಾಂಡುಗಳ ಮೇಲಿತ್ತು, ಹಿಂದಿನ ಚಕ್ರಗಳು ನೆಲದ ಮೇಲಿದ್ದವು, ಪ್ರೊಪೆಲ್ಲರ್ ಶಾಫ್ಟನ್ನು ಆಗಲೇ ತೆಗೆದು ಗೋಡೆಗೆ ಒರಗಿಸಿದ್ದೆ. ಗೇರ್‌ಬಾಕ್ಸಿನ ಅಡಿಗೆ ಒಂದು ಸಾಧಾರಣ ಟ್ರಾಲಿ ಜಾಕ್ ಕೊಟ್ಟಿದ್ದೆ, ಪಟ್ಟಿಯಿಂದ ಕಟ್ಟಿರಲಿಲ್ಲ. ಕೊನೆಯ ಬೋಲ್ಟು ಬಿಚ್ಚಿದ ಮೇಲೂ ಅದು ಎಂಜಿನ್ನಿಗೆ ಅಂಟಿಕೊಂಡಿದ್ದುದರಿಂದ ಎರಡೂ ಕೈಗಳಿಂದ ಹಿಂದಕ್ಕೆ ಜಗ್ಗಿದೆ. ಗೇರ್‌ಬಾಕ್ಸಿನ ಜೊತೆಗೆ ಕಾರೂ ನಾಲ್ಕು ಬೆರಳಿನಷ್ಟು ಹಿಂದಕ್ಕೆ ಬಂದಿತು. ಸ್ಟ್ಯಾಂಡೊಂದು ವಾಲಿತು, ಬೀಳಲಿಲ್ಲ. ಏಕೆ ಬೀಳಲಿಲ್ಲವೆಂಬುದು ಇಂದಿಗೂ ನನಗೆ ಅರ್ಥವಾಗಿಲ್ಲ. ಜಾಕಿನಿಂದ ಜಾರಿದ ಗೇರ್‌ಬಾಕ್ಸ್ ಮಾತ್ರ ನನ್ನ ಭುಜದ ಮೇಲೆ ಬಂದು ಕೂತಿತು. ಇಂಥ ಗೇರ್‌ಬಾಕ್ಸುಗಳು 60 ಕಿಲೋದಿಂದ 100 ಕಿಲೋವರೆಗೆ ತೂಗುತ್ತವೆ ಎಂದು ನೀನೂ ಓದಿರುತ್ತೀಯ, ಮಗು. ಮಲಗಿದವನ ಮೇಲೆ ಅದು ಎಷ್ಟು ತೂಗುತ್ತದೆ ಎಂಬುದನ್ನು ಯಾರೂ ಬರೆದಿರುವುದಿಲ್ಲ. ಕನ್ವರ್ಟರ್‌ನಲ್ಲಿ ಉಳಿದಿದ್ದ ಎಣ್ಣೆ ಕುತ್ತಿಗೆಯ ಮೇಲೆ ಸುರಿಯುತ್ತಿತ್ತು. ಒಂದೆರಡು ಸಲ ಕೂಗಿದೆ. ಯಾರೂ ಇಲ್ಲದ ಹೊತ್ತನ್ನು ನಾನೇ ಆರಿಸಿಕೊಂಡಿದ್ದೆನಾದ್ದರಿಂದ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಬೆಳಗಿನ ಜಾವ ಬಾಗಿಲು ತೆಗೆದವನು ಆ ಹುಡುಗನೇ. ಕೆಲಸ ಬಿಟ್ಟುಬಿಡುವುದೆಂದು ತೀರ್ಮಾನಿಸಿ ತನ್ನ ಬಟ್ಟೆಯ ಚೀಲ ಒಯ್ಯಲು ಬಂದಿದ್ದ. ನನ್ನನ್ನು ಎಳೆದು ಹೊರಗೆ ತಂದ, ಆಸ್ಪತ್ರೆಗೆ ಸೇರಿಸಿದ, ಆಮೇಲೆ ಚೀಲ ತೆಗೆದುಕೊಂಡು ಹೊರಟೇಹೋದ. ಅವನ ಬಳಿ ನಾನು ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ಆಡಬೇಕೆಂದು ಅನ್ನಿಸುವ ಹೊತ್ತಿಗೆ ಅವನೆಲ್ಲಿದ್ದಾನೆಂದು ಹೇಳುವವರೇ ಇರಲಿಲ್ಲ.

ಇದನ್ನು ನಿನ್ನ ಅಪ್ಪನಿಗೆ ಹೇಳಬೇಡ ಎಂದು ಇಲ್ಲಿ ಬರೆದಿದ್ದೆ; ಆಮೇಲೆ ಹೊಡೆದುಹಾಕಿದ್ದೇನೆ. ಹೇಳುವುದಾದರೆ ಹೇಳು.

ಕೆಲಸದ ವಿಷಯವಾಗಿ ನನ್ನಿಂದ ಸಲಹೆ ಬೇಡಿದ್ದೀಯ, ನಾನು ನನ್ನ ಕಥೆಯನ್ನೇ ತುಂಬಿಸಿದೆ. ಗೇರ್ ಬದಲಾಗುವಾಗ ಬೆನ್ನಿಗೆ ತಟ್ಟಿದಂತೆ ತಿಳಿಯಬೇಕು ಎಂದು ನೀನು ಬರೆದದ್ದನ್ನು ಓದಿ ನಗು ಬಂತು. ಓಲ್ಡ್ಸ್‌ಮೊಬೈಲ್‌ನ 1940ರ ಮಾದರಿಗಳಲ್ಲಿ ಹೈಡ್ರಾಮ್ಯಾಟಿಕ್ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಂದಂದಿನಿಂದ ಎಂಜಿನಿಯರುಗಳು ಗೇರ್ ಬದಲಾದದ್ದು ಕಾರಿನಲ್ಲಿ ಕುಳಿತವರಿಗೆ ತಿಳಿಯಲೇಬಾರದೆಂದು ಶ್ರಮಿಸುತ್ತ ಬಂದಿದ್ದಾರೆ, ನಿನಗೆ ಅದು ತಿಳಿಯಲೇಬೇಕು. ಆದರೆ ಆ ತಟ್ಟುವಿಕೆಯನ್ನೇ ಶಕ್ತಿ ಎಂದು ಭಾವಿಸಬೇಡ. ಶಿಫ್ಟ್ ಕಿಟ್ ಮಾಡುವುದು ಎಣ್ಣೆಯ ಒತ್ತಡವನ್ನು ಹೆಚ್ಚಿಸಿ, ಒಂದು ಕ್ಲಚ್ ಬಿಟ್ಟು ಇನ್ನೊಂದು ಹಿಡಿಯುವ ಹೊತ್ತನ್ನು ಕಿರಿದುಗೊಳಿಸುವ ಕೆಲಸವನ್ನು; ಪ್ಲೇಟುಗಳು ಜಾರುವುದು ಕಡಿಮೆಯಾಗಿ ಬಿಸಿಯೂ ಕಡಿಮೆಯಾಗುತ್ತದೆ. ಎಂಜಿನ್ ಕೊಡುವುದಕ್ಕಿಂತ ಒಂದು ಗುಂಜಿಯಷ್ಟು ಹೆಚ್ಚು ಬಲವೂ ಅದರಿಂದ ಹುಟ್ಟುವುದಿಲ್ಲ, ಮತ್ತು ಅತಿ ಮಾಡಿದರೆ ಆ ಹೊಡೆತವನ್ನು ಶಾಫ್ಟುಗಳೂ ಜಾಯಿಂಟುಗಳೂ ತಿನ್ನಬೇಕಾಗುತ್ತದೆ.

ನಾನು ನಿನ್ನ ಜಾಗದಲ್ಲಿದ್ದರೆ ಮೊದಲು ಎಣ್ಣೆಯನ್ನೂ ಕೂಲರನ್ನೂ ನೋಡುತ್ತಿದ್ದೆ. ಎಣ್ಣೆ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಬಹುಕಾಲ ಬಾಳುತ್ತದೆ. ಅದರ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಅದರ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ನಮ್ಮ ಕಸುಬಿನವರ ಸ್ಥೂಲ ಲೆಕ್ಕ. ಹೆಚ್ಚು ಸ್ಟಾಲ್ ವೇಗದ, ಅಂದರೆ ಎಂಜಿನ್ ಹೆಚ್ಚು ವೇಗಕ್ಕೇರಿದ ಮೇಲೆಯೇ ಬಲವಾಗಿ ಎಳೆಯುವ ಕನ್ವರ್ಟರ್ ಬೇಕೆನ್ನುತ್ತೀಯಲ್ಲ, ಅದು ಹೆಚ್ಚು ಜಾರುತ್ತದೆ, ಹೆಚ್ಚು ಬಿಸಿ ಹುಟ್ಟಿಸುತ್ತದೆ. ಕೂಲರ್ ಇಲ್ಲದೆ ಅದನ್ನು ಹಾಕುವುದು ಸರಿಯಲ್ಲ. ಕೂಲರ್ ಜೋಡಿಸಲು ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ. ಶಿಫ್ಟ್ ಕಿಟ್ ಹಾಕಬೇಕಾದ, ಎಣ್ಣೆಯನ್ನು ಬೇಕಾದ ಕ್ಲಚ್ಚಿಗೆ ಹರಿಸುವ ವಾಲ್ವ್ ಬಾಡಿಯೂ ಬಹಳಷ್ಟು ಗೇರ್‌ಬಾಕ್ಸುಗಳಲ್ಲಿ ಆಯಿಲ್ ಪ್ಯಾನ್ ಕಳಚಿದರೆ ಕೈಗೆ ಸಿಗುತ್ತದೆ. ಅಷ್ಟಕ್ಕೇ ನಿನಗೆ ತೃಪ್ತಿಯಾಗಬಾರದೇ ಎಂದು ಆಸೆಪಡುತ್ತಿದ್ದೇನೆ. ಇದು ಸಲಹೆಯಲ್ಲ, ನಿನ್ನ ಮೇಲೆ ಆ ಭಾರ ಬರಬಾರದೆಂಬ ಮುದುಕನ ಸ್ವಾರ್ಥ. ಪ್ಯಾನ್ ತೆಗೆದಾಗ ಅದರೊಳಗಿನ ಅಯಸ್ಕಾಂತಕ್ಕೆ ಬೂದುಬಣ್ಣದ ನುಣ್ಣನೆಯ ಕೆಸರು ಅಂಟಿದ್ದರೆ ಗಾಬರಿಯಾಗಬೇಡ, ಅದು ಸಹಜವಾದ ಸವೆತ. ಕೈಗೆ ಚುಚ್ಚುವ ಲೋಹದ ಚೂರುಗಳಿದ್ದರೆ ಮಾತ್ರ ಕಿಟ್ ಹಾಕಿ ಫಲವಿಲ್ಲ, ಗೇರ್‌ಬಾಕ್ಸನ್ನು ಬಿಚ್ಚಿಯೇ ನೋಡಬೇಕು.

ಆಗಲೂ ಒಬ್ಬನೇ ಮಾಡಬೇಡ. ಸ್ಟ್ಯಾಂಡುಗಳನ್ನು ಕೊಟ್ಟ ಮೇಲೆ, ಅಡಿಗೆ ಹೋಗುವ ಮೊದಲು, ಕಾರನ್ನು ಪಕ್ಕದಿಂದ ಜೋರಾಗಿ ಅಲುಗಾಡಿಸಿ ನೋಡು; ಬೀಳುವುದಿದ್ದರೆ ನೀನು ಹೊರಗಿದ್ದಾಗಲೇ ಬೀಳಲಿ. ಕಳಚಿದ ಚಕ್ರಗಳನ್ನು ಗೋಡೆಗೆ ಒರಗಿಸುವ ಬದಲು ಕಾರಿನ ಅಂಚಿನ ಅಡಿಗೆ ಮಲಗಿಸಿಡು. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ, ಹಿಡಿದು ನಿಲ್ಲಿಸುವುದಕ್ಕಲ್ಲ. ಅದರೊಳಗಿನ ಒಂದು ರಬ್ಬರ್ ಸೀಲ್ ಸೋತರೆ ಅದು ಕೆಳಗಿಳಿಯುತ್ತದೆ. ಗೇರ್‌ಬಾಕ್ಸ್ ಹೊರಬರುವಾಗ ಅದರ ಹಿಂದಿನ ಆಧಾರವೂ ಹೋಗುವುದರಿಂದ ಎಂಜಿನ್ ಹಿಂದಕ್ಕೆ ವಾಲುತ್ತದೆ, ಅದಕ್ಕೆ ಬೇರೆಯೇ ಆಧಾರ ಬೇಕು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲೇ ಕಳಚಿಬಿಡು. ಹೊಸ ಕ್ಲಚ್ ಪ್ಲೇಟುಗಳನ್ನು ಒಣಗಿದ್ದಂತೆಯೇ ಜೋಡಿಸಬೇಡ, ಎಣ್ಣೆಯಲ್ಲಿ ನೆನೆಸಿಟ್ಟು ಜೋಡಿಸು. ಒರೆಸಲು ನೂಲೆಳೆ ಬಿಡುವ ಬಟ್ಟೆ ಬಳಸಬೇಡ, ಒಂದು ಎಳೆ ಸಾಕು ವಾಲ್ವನ್ನು ಸಿಕ್ಕಿಸಲು. ಇವೆಲ್ಲ ನಿನಗೆ ಗೊತ್ತಿದ್ದರೆ ಕ್ಷಮಿಸು.

ಕನ್ವರ್ಟರ್ ವಿಷಯ ಮಾತ್ರ ಮತ್ತೊಮ್ಮೆ ಹೇಳುತ್ತೇನೆ, ಏಕೆಂದರೆ ನನ್ನ ಆ ರಾತ್ರಿ ಹುಟ್ಟಿದ್ದೇ ಅದರಿಂದ. ತಿರುಗಿಸುತ್ತ, ಮೆಲ್ಲಗೆ ಒತ್ತುತ್ತ ಹೋದರೆ ಅದು ಎರಡು ಮೂರು ಸಲ ತಡೆತಡೆದು ಹೆಜ್ಜೆಹೆಜ್ಜೆಯಾಗಿ ಒಳಗಿಳಿಯುತ್ತದೆ. ಬೆಲ್ ಹೌಸಿಂಗ್ ಬೋಲ್ಟಿನ ಬಲವಿಲ್ಲದೆ ಎಂಜಿನ್ನಿಗೆ ಸೇರಿ ಕೂರಬೇಕು, ಆಮೇಲೂ ಕನ್ವರ್ಟರ್ ಕೈಯಿಂದ ಸಲೀಸಾಗಿ ತಿರುಗಬೇಕು, ಅದನ್ನು ಕೆಲವು ಮಿಲಿಮೀಟರುಗಳಷ್ಟು ಮುಂದಕ್ಕೆ ತಂದು ಎಂಜಿನ್ನಿನ ಹಿಂಬದಿಯ ತೆಳು ತಟ್ಟೆಯಾದ ಫ್ಲೆಕ್ಸ್ ಪ್ಲೇಟಿಗೆ ಜೋಡಿಸುವಂತಿರಬೇಕು. ಹಾಗಾಗದಿದ್ದರೆ ನಿಲ್ಲಿಸು, ಹೊರಗೆ ತೆಗೆ, ಮತ್ತೆ ಕೂರಿಸು. ತಪ್ಪಾಯಿತೆಂದು ಹೇಳಿಕೊಳ್ಳಲು ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ನಾನೂ ನಿಲ್ಲಿಸುತ್ತಿದ್ದೆನೇನೋ.

ಇನ್ನೊಂದು ಭಯವನ್ನು ಬರೆಯದೆ ಈ ಪತ್ರ ಮುಗಿಸಲಾರೆ. ಎಲ್ಲ ಜೋಡಿಸಿ ಎಣ್ಣೆ ತುಂಬಿದ ಮೇಲೆ, ನಿನ್ನ ಕಾರಿನಂತೆ ಅಳತೆಕಡ್ಡಿ ಇಲ್ಲದ ಗೇರ್‌ಬಾಕ್ಸುಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ, ಎಣ್ಣೆ ಕೈಪಿಡಿಯಲ್ಲಿ ಹೇಳಿದಷ್ಟು ಬಿಸಿಯಾದಾಗಲೇ, ಅಡಿಯಲ್ಲಿ ಮಲಗಿ ಮಟ್ಟ ನೋಡಬೇಕು. ರಾತ್ರಿಯಾದ್ದರಿಂದ ಮಲಗಿದವರಿಗೆ ಸದ್ದು ಕೇಳಿಸಬಾರದೆಂದು ನೀನು ಶೆಡ್ಡಿನ ಬಾಗಿಲು ಹಾಕಿಕೊಳ್ಳುತ್ತೀಯ; ನಿನ್ನ ಸ್ವಭಾವ ನನಗೆ ಗೊತ್ತು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮೊದಲು ತಲೆ ಭಾರವಾಗುತ್ತದೆ, ನಿದ್ದೆಗೆಟ್ಟಿದ್ದಕ್ಕೆ ಹೀಗಾಗುತ್ತಿದೆ ಎಂದು ನೀನು ತಿಳಿಯುತ್ತೀಯ. ಆ ಮೇಲಿನದನ್ನು ನಾನು ಬರೆಯುವುದಿಲ್ಲ. ಅದೇ ಹೊತ್ತಿಗೆ ಒಬ್ಬರು ಸೀಟಿನಲ್ಲಿ ಕುಳಿತು ಬ್ರೇಕ್ ಒತ್ತಿಕೊಂಡು ಲಿವರನ್ನು 'ಪಿ'ಯಿಂದ 'ಡಿ'ವರೆಗೆ ನಿಧಾನವಾಗಿ ಒಯ್ದು ಹಿಂದಕ್ಕೆ ತರಬೇಕು, ಎಣ್ಣೆ ಎಲ್ಲ ದಾರಿಗಳಲ್ಲೂ ತುಂಬಿಕೊಳ್ಳಲೆಂದು. ಅಂದರೆ ಈ ಕೆಲಸಕ್ಕೆ ಹೇಗೂ ಇಬ್ಬರು ಬೇಕು. ನಿನ್ನ ಅಪ್ಪನನ್ನು ಕೂರಿಸು. ಅವನಿಗೆ ಗೇರ್‌ಬಾಕ್ಸಿನ ಗಂಧಗಾಳಿಯೂ ಇಲ್ಲ, ಹತ್ತು ಪ್ರಶ್ನೆ ಕೇಳುತ್ತಾನೆ; ಕೇಳಲಿ. ಚಿಕ್ಕಂದಿನಲ್ಲಿ ನನಗೆ ದೀಪ ಹಿಡಿಯಲು ಬರುತ್ತಿದ್ದ, ನಾನೇ ಅಡ್ಡ ಬರಬೇಡವೆಂದು ಅಟ್ಟುತ್ತಿದ್ದೆ.

ಹಗಲಿನ ಯಾವ ದಿನ ಕೆಲಸ ಶುರು ಮಾಡುತ್ತೀಯ, ನಿನ್ನ ಬಳಿ ನಾಲ್ಕು ಸ್ಟ್ಯಾಂಡುಗಳಿವೆಯೇ ಇಲ್ಲವೇ ಎರಡೇ ಇವೆಯೇ ಎಂಬುದನ್ನು ಕೂಡಲೇ ಬರೆ. ಎರಡೇ ಇದ್ದರೆ ನನ್ನವು ಇಲ್ಲಿ ಮಂಚದ ಕೆಳಗಿವೆ, ತುಕ್ಕು ಹಿಡಿದಿಲ್ಲ, ತೆಗೆದುಕೊಂಡು ಬರುತ್ತೇನೆ. ಗೇರ್‌ಬಾಕ್ಸ್ ಎತ್ತಲು ನನ್ನಿಂದ ಆಗದು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತೇನೆ.

ಇಂತು,
ನಿನ್ನ ದೊಡ್ಡಪ್ಪ